ಕಾಯಂ ನೌಕರಿ, ಹಂಗಾಮಿನ ಕರಾರು: ವಿದೇಶದಲ್ಲಿ ಬ್ಯಾಸ್ಕೆಟ್‌ಬಾಲ್ ವೃತ್ತಿ

ವಿದೇಶದ ಕ್ಲಬ್ಬೊಂದಕ್ಕೆ ಸಂಬಳ ಪಡೆದು ಆಡುವ ಭಾರತೀಯ ಬ್ಯಾಸ್ಕೆಟ್‌ಬಾಲ್ ಆಟಗಾರರ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ಅದು ಸಾಮಾನ್ಯವಾಗಿ ಅವರ ಎತ್ತರದ ಲೆಕ್ಕದಿಂದ ಆರಂಭವಾಗಿ ಅಮೆರಿಕದ ದೊಡ್ಡ ಲೀಗಿನ ಹೆಸರಿನೊಂದಿಗೆ ಮುಗಿಯುತ್ತದೆ. ಕರಾರು ಎಷ್ಟು ತಿಂಗಳಿನದು, ಅದನ್ನು ಯಾರು ಕುದುರಿಸಿದರು, ಗಾಯವಾದರೆ ಸಂಬಳ ನಿಲ್ಲುತ್ತದೆಯೇ, ಊರಿನಲ್ಲಿರುವ ನೌಕರಿಯ ಗತಿಯೇನು ಎಂಬ ಪ್ರಶ್ನೆಗಳು ಅಂಥ ಬರಹಗಳಲ್ಲಿ ಅಪರೂಪವಾಗಿಯಷ್ಟೇ ಕಾಣಿಸಿಕೊಳ್ಳುತ್ತವೆ. ಆದರೆ ವೃತ್ತಿ ಎಂಬುದು ನಿಂತಿರುವುದೇ ಈ ಪ್ರಶ್ನೆಗಳ ಮೇಲೆ. ಭಾರತದಿಂದ ಹೊರಗೆ ಹೋಗಿ ಆಡಿದವರ ಕಳೆದ ಎರಡು ದಶಕಗಳ ದಾಖಲೆಯನ್ನು ಒಟ್ಟಾಗಿ ನೋಡಿದರೆ, ವಿದೇಶಿ ವೃತ್ತಿಯ ಆಯುಷ್ಯವನ್ನು ದೇಹದ ಎತ್ತರಕ್ಕಿಂತ ಹೆಚ್ಚಾಗಿ ತವರಿನ ಕ್ರೀಡಾ ವ್ಯವಸ್ಥೆಯೇ, ಅದರಲ್ಲೂ ಎಳವೆಯಲ್ಲಿ ಆಡಲು ಸಿಕ್ಕ ಪಂದ್ಯಗಳ ಸಂಖ್ಯೆಯೇ ನಿರ್ಧರಿಸುತ್ತದೆ ಎಂಬುದು ಕಂಡುಬರುತ್ತದೆ.

ಆಟ ಮತ್ತು ನೌಕರಿ

ಬ್ಯಾಸ್ಕೆಟ್‌ಬಾಲ್ ಆಟವನ್ನು 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದ ವೈಎಂಸಿಎ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ರೂಪಿಸಿದರು. 28 ಮೀಟರ್ ಉದ್ದ, 15 ಮೀಟರ್ ಅಗಲದ ಅಂಕಣದಲ್ಲಿ ತಲಾ ಐವರ ಎರಡು ತಂಡಗಳು, ನೆಲದಿಂದ 3.05 ಮೀಟರ್ ಎತ್ತರದಲ್ಲಿರುವ ಬುಟ್ಟಿಗೆ ಚೆಂಡು ಹಾಕಲು ಸೆಣಸುವ ಈ ಆಟ ಭಾರತಕ್ಕೆ ಬಂದದ್ದೂ ಬಹುಮಟ್ಟಿಗೆ ವೈಎಂಸಿಎ ಸಂಸ್ಥೆಯ ಮೂಲಕವೇ. ದೇಶದಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್ 1934ರಲ್ಲಿ ಆರಂಭವಾಯಿತು. ಭಾರತೀಯ ಬ್ಯಾಸ್ಕೆಟ್‌ಬಾಲ್ ಫೆಡರೇಷನ್ 1950ರಲ್ಲಿ ರೂಪುಗೊಂಡಿತು. ಇಷ್ಟು ದೀರ್ಘ ಇತಿಹಾಸವಿದ್ದರೂ ಭಾರತದ ಪುರುಷರ ತಂಡ ಒಲಿಂಪಿಕ್ಸ್‌ನಲ್ಲಿ ಆಡಿದ್ದು ಒಮ್ಮೆ ಮಾತ್ರ, ಅದೂ ಹಲವು ದೇಶಗಳು ಬಹಿಷ್ಕರಿಸಿದ್ದ 1980ರ ಮಾಸ್ಕೋ ಕೂಟದಲ್ಲಿ.

ಈ ಅವಧಿಯುದ್ದಕ್ಕೂ ಭಾರತದ ಉತ್ತಮ ಆಟಗಾರರು ಜೀವನೋಪಾಯಕ್ಕೆ ನೆಚ್ಚಿಕೊಂಡದ್ದು ಕ್ರೀಡಾ ಕೋಟಾವನ್ನು, ಅಂದರೆ ರೈಲ್ವೆ, ಬ್ಯಾಂಕು, ಪೊಲೀಸ್, ಸೇನೆ ಮತ್ತು ಸಾರ್ವಜನಿಕ ಉದ್ದಿಮೆಗಳು ಆಟದ ಸಾಧನೆಯನ್ನು ಪರಿಗಣಿಸಿ ಕೊಡುವ ಕಾಯಂ ನೌಕರಿಯನ್ನು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿ ಮುಂದೆ ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿದ್ದ ವಿಜಯಾ ಬ್ಯಾಂಕಿನ ತಂಡ, 2019ರ ಏಪ್ರಿಲ್ 1ರಂದು ಆ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಗುವವರೆಗೂ, ಕರ್ನಾಟಕದ ಬಲಿಷ್ಠ ತಂಡಗಳಲ್ಲಿ ಒಂದಾಗಿತ್ತು. ಬೆಂಗಳೂರಿನಲ್ಲಿ ನೆಲೆಯಿರುವ ಸೇನೆಯ ಸರಬರಾಜು ದಳವಾದ ಎಎಸ್‌ಸಿ ಮತ್ತು ಎಂಜಿನಿಯರ್ ಪಡೆಯಾದ ಎಂಇಜಿ ತಂಡಗಳೂ ಇದೇ ಬಗೆಯವು. ಇಂಥ ನೌಕರಿಯಲ್ಲಿ ಆಟಗಾರನಿಗೆ ತಿಂಗಳ ಸಂಬಳ ಖಚಿತ; ಮೊಣಕಾಲು ಕೈಕೊಟ್ಟ ಮೇಲೂ ಕಚೇರಿಯ ಕುರ್ಚಿ ಇದ್ದೇ ಇರುತ್ತದೆ. ಮಧ್ಯಮ ಹಾಗೂ ಬಡ ಕುಟುಂಬಗಳಿಂದ ಬಂದ ಆಟಗಾರರಿಗೆ ಈ ಭದ್ರತೆ ಸಣ್ಣ ಸಂಗತಿಯಲ್ಲ. ವಿದೇಶದ ಕರಾರನ್ನು ಒಪ್ಪಿಕೊಳ್ಳುವುದೆಂದರೆ ಅವರು ಮೊದಲು ಈ ನೌಕರಿಯಿಂದ ರಜೆ ಪಡೆಯಬೇಕು, ಇಲ್ಲವೇ ಅದನ್ನೇ ಬಿಡಬೇಕು.

ಕರಾರಿನ ಒಳಗೆ ಏನಿರುತ್ತದೆ

ವಿದೇಶಿ ಕ್ಲಬ್ಬಿನ ಕರಾರು ಸಾಮಾನ್ಯವಾಗಿ ಒಂದು ಋತುವಿನದು. ಹೆಚ್ಚಿನ ದೇಶಗಳಲ್ಲಿ ಲೀಗ್ ಏಳೆಂಟು ತಿಂಗಳು ನಡೆಯುವುದರಿಂದ ಸಂಬಳವೂ ಅಷ್ಟೇ ತಿಂಗಳು ಬರುತ್ತದೆ. ಉಳಿದ ಅವಧಿಯಲ್ಲಿ ಆಟಗಾರ ಮುಂದಿನ ಕರಾರನ್ನು ಹುಡುಕುತ್ತಾ, ಸ್ವಂತ ಖರ್ಚಿನಲ್ಲಿ ಅಭ್ಯಾಸ ಮುಂದುವರಿಸುತ್ತಾನೆ. ಶಿರಾ ಮತ್ತು ಪಾವಗಡದ ಖುಷ್ಕಿ ಜಮೀನಿನಲ್ಲಿ ಕಡಲೆಕಾಯಿ ಬೆಳೆಯುವ ರೈತ ಒಂದು ಹಂಗಾಮಿನ ಗಳಿಕೆಯಲ್ಲಿ ವರ್ಷವನ್ನು ತೂಗಿಸಿಕೊಂಡು, ಮುಂದಿನ ಮಳೆಯ ಮೇಲೆ ಲೆಕ್ಕ ಹಾಕುವ ರೀತಿಯೇ ಈ ವೃತ್ತಿಯ ಆರ್ಥಿಕತೆಗೂ ಹೊಂದುತ್ತದೆ. ಕ್ಲಬ್ಬುಗಳು ಅನೇಕ ವೇಳೆ ವಾಸದ ಮನೆ ಮತ್ತು ವಿಮಾನದ ಖರ್ಚನ್ನು ಭರಿಸುತ್ತವೆ. ಆದರೆ ಸಂಬಳ ಪೂರ್ಣವಾಗಿ ಖಾತರಿಯೇ, ಗಾಯ ಅಥವಾ ಕಳಪೆ ಆಟದ ಕಾರಣಕ್ಕೆ ನಡುವೆಯೇ ಕರಾರನ್ನು ಮುರಿಯಬಹುದೇ ಎಂಬುದನ್ನು ಪ್ರತಿ ಕರಾರಿನಲ್ಲೂ ಬೇರೆ ಬೇರೆಯಾಗಿ ಬರೆದಿರುತ್ತಾರೆ.

ಈ ಮಾರುಕಟ್ಟೆಗೆ ನಿಯಮಗಳನ್ನು ವಿಧಿಸುವುದು 1932ರಲ್ಲಿ ಜಿನೀವಾದಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ, ಅಂದರೆ ಫಿಬಾ. ಆಟಗಾರನೊಬ್ಬ ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಹೋಗಬೇಕಾದರೆ ತವರಿನ ಫೆಡರೇಷನ್ 'ಈತನಿಗೆ ಇಲ್ಲಿ ಯಾವ ಕರಾರಿನ ಬಾಧ್ಯತೆಯೂ ಉಳಿದಿಲ್ಲ' ಎಂದು ದೃಢಪಡಿಸುವ ಅನುಮತಿ ಪತ್ರವನ್ನು ಕೊಡಬೇಕು; ಅದಿಲ್ಲದೆ ಹೊಸ ಕ್ಲಬ್ಬು ಆತನನ್ನು ಅಂಕಣಕ್ಕೆ ಇಳಿಸುವಂತಿಲ್ಲ. ಹದಿನೆಂಟು ವರ್ಷ ತುಂಬದವರ ವಿದೇಶಿ ವರ್ಗಾವಣೆಗೆ ವಿಶೇಷ ಕಾರಣಗಳಿದ್ದರೆ ಮಾತ್ರ ಒಪ್ಪಿಗೆ ಸಿಗುತ್ತದೆ. ಎಳೆಯ ಮಕ್ಕಳನ್ನು ಆಮಿಷ ತೋರಿಸಿ ಸಾಗಿಸುವುದನ್ನು ತಡೆಯುವುದು ಇದರ ಉದ್ದೇಶ. ಕ್ಲಬ್ಬಿನೊಡನೆ ಮಾತುಕತೆ ನಡೆಸಿ ಶುಲ್ಕ ಪಡೆಯುವ ಪ್ರತಿನಿಧಿಯನ್ನು ಏಜೆಂಟ್ ಎನ್ನುತ್ತಾರೆ. ಅಂತರರಾಷ್ಟ್ರೀಯ ವರ್ಗಾವಣೆಗಳಲ್ಲಿ ಕೆಲಸ ಮಾಡುವ ಏಜೆಂಟರಿಗೆ ಫಿಬಾದ ಪರವಾನಗಿ ಇರಬೇಕು. ಸಂಬಳ ಕೊಡದೆ ಸತಾಯಿಸುವ ಕ್ಲಬ್ಬುಗಳ ವಿರುದ್ಧ ದೂರು ಕೊಡಲು ಜಿನೀವಾವನ್ನು ಕಾನೂನು ನೆಲೆಯಾಗಿ ಹೊಂದಿರುವ ಬ್ಯಾಸ್ಕೆಟ್‌ಬಾಲ್ ಪಂಚಾಯ್ತಿ ಮಂಡಳಿಯೊಂದಿದೆ. ಆದರೆ ವಿವಾದವಾದರೆ ಆ ಮಂಡಳಿಗೇ ಹೋಗಬೇಕೆಂಬ ಷರತ್ತು ಕರಾರಿನಲ್ಲಿ ಇದ್ದರಷ್ಟೇ ಆಟಗಾರ ಅದರ ಬಾಗಿಲು ತಟ್ಟಬಹುದಾದ್ದರಿಂದ, ಸಹಿ ಹಾಕುವ ಮುನ್ನ ಓದಬೇಕಾದ ಸಾಲುಗಳಲ್ಲಿ ಅದು ಮುಖ್ಯವಾದುದು.

ಇವೆಲ್ಲಕ್ಕಿಂತ ಕಠಿಣವಾದುದು ವಿದೇಶಿ ಆಟಗಾರರ ಮಿತಿ. ಸ್ಥಳೀಯ ಆಟಗಾರರಿಗೆ ಅವಕಾಶ ಉಳಿಸಲು ಅನೇಕ ಲೀಗ್‌ಗಳು ಒಂದು ತಂಡದಲ್ಲಿ ಇಬ್ಬರೋ ಮೂವರೋ ವಿದೇಶಿಯರು ಮಾತ್ರ ಇರಬಹುದೆಂದು ನಿಗದಿ ಮಾಡಿವೆ. ಆ ಎರಡು ಮೂರು ಜಾಗಗಳಿಗೆ ಅಮೆರಿಕದ ವಿಶ್ವವಿದ್ಯಾಲಯಗಳಿಂದ ಹೊರಬಂದ ನೂರಾರು ಆಟಗಾರರು ಕಾಯುತ್ತಿರುತ್ತಾರಾದ್ದರಿಂದ, ಭಾರತೀಯ ಆಟಗಾರ ಅಲ್ಲಿನ ಸ್ಥಳೀಯರಷ್ಟೇ ಚೆನ್ನಾಗಿ ಆಡಿದರೆ ಸಾಲದು, ಅವರನ್ನು ಮೀರಿ ಆಡಬೇಕಾಗುತ್ತದೆ.

ಹೋದವರು ಮತ್ತು ಅವರ ದಾರಿ

ಭಾರತೀಯ ಮಹಿಳೆಯರಲ್ಲಿ ಈ ದಾರಿಯನ್ನು ಮೊದಲು ತುಳಿದವರು ಕೇರಳದ ಕೋಟ್ಟಯಂ ಕಡೆಯ ಗೀತು ಅನ್ನಾ ಜೋಸ್. ದಕ್ಷಿಣ ರೈಲ್ವೆಯ ಉದ್ಯೋಗಿಯಾಗಿದ್ದ ಅವರು 2006ರಿಂದ 2008ರ ನಡುವೆ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಲೀಗಿನಲ್ಲಿ ರಿಂಗ್‌ವುಡ್ ಹಾಕ್ಸ್ ತಂಡಕ್ಕೆ ಆಡಿದರು. 2011ರಲ್ಲಿ ಅಮೆರಿಕದ ಮಹಿಳಾ ವೃತ್ತಿಪರ ಲೀಗ್ ಆದ ಡಬ್ಲ್ಯುಎನ್‌ಬಿಎಯ ಷಿಕಾಗೊ, ಲಾಸ್ ಏಂಜಲಿಸ್ ಮತ್ತು ಸ್ಯಾನ್ ಆಂಟೋನಿಯೊ ತಂಡಗಳು ಅವರನ್ನು ಆಯ್ಕೆ ಪರೀಕ್ಷೆಗೆ ಕರೆದವು. ಆಗ ಆ ಲೀಗಿನಲ್ಲಿ ಇದ್ದದ್ದು 12 ತಂಡಗಳು ಮಾತ್ರ. ಎಲ್ಲ ಸೇರಿದರೂ ಆಟಗಾರ್ತಿಯರ ಜಾಗಗಳು ನೂರ ಐವತ್ತನ್ನು ಮುಟ್ಟುತ್ತಿರಲಿಲ್ಲ. ಅವರಿಗೆ ಕರಾರು ದೊರೆಯಲಿಲ್ಲವಾದರೂ ಅವರು ರೈಲ್ವೆ ಮತ್ತು ಭಾರತ ತಂಡಗಳಲ್ಲಿ ವರ್ಷಗಟ್ಟಲೆ ಆಡಿ, 2014ರಲ್ಲಿ ಅರ್ಜುನ ಪ್ರಶಸ್ತಿಗೆ ಪಾತ್ರರಾದರು. ವಿದೇಶದ ಪ್ರಯತ್ನ ಕೈಗೂಡದಿದ್ದಾಗ ಮರಳಲು ಒಂದು ನೆಲೆ ಇದ್ದುದು ರೈಲ್ವೆಯ ನೌಕರಿಯಿಂದ ಎಂಬುದನ್ನು ಇಲ್ಲಿ ಮರೆಯುವಂತಿಲ್ಲ.

ಪಂಜಾಬಿನ ಬರ್ನಾಲಾ ಜಿಲ್ಲೆಯ ಬಲ್ಲೊ ಕೆ ಹಳ್ಳಿಯ ಸತ್ನಾಮ್ ಸಿಂಗ್ ಭಾಮರಾ ಅವರ ದಾರಿ ಬೇರೆ. 2010ರಲ್ಲಿ, ಹದಿನೈದು ತುಂಬುವ ಮುನ್ನವೇ, ಅವರು ವಿದ್ಯಾರ್ಥಿವೇತನದ ಮೇಲೆ ಫ್ಲಾರಿಡಾದ ಐಎಂಜಿ ಅಕಾಡೆಮಿಗೆ ಹೋದರು. ಏಳು ಅಡಿ ಎರಡು ಅಂಗುಲ ಎತ್ತರದ ಅವರನ್ನು 2015ರ ಜೂನ್ 25ರಂದು ಡಲ್ಲಾಸ್ ಮೇವರಿಕ್ಸ್ ತಂಡ ಡ್ರಾಫ್ಟ್‌ನ 52ನೆಯ ಆಯ್ಕೆಯಾಗಿ ಆರಿಸಿಕೊಂಡಿತು. ಡ್ರಾಫ್ಟ್ ಎಂದರೆ ಅಮೆರಿಕದ ಎನ್‌ಬಿಎ ಲೀಗಿನ 30 ತಂಡಗಳು ವರ್ಷಕ್ಕೊಮ್ಮೆ, ಎರಡು ಸುತ್ತುಗಳಲ್ಲಿ, ಹೊಸ ಆಟಗಾರರ ಮೇಲೆ ಸರದಿಯಂತೆ ಹಕ್ಕು ಸ್ಥಾಪಿಸುವ ಪ್ರಕ್ರಿಯೆ. ಮೊದಲ ಸುತ್ತಿನವರಿಗೆ ಸಂಬಳದ ಖಾತರಿ ಇರುತ್ತದೆ, ಎರಡನೆಯ ಸುತ್ತಿನವರಿಗೆ ಅಂಥ ಖಾತರಿ ಇರುವುದಿಲ್ಲ. 52 ಎರಡನೆಯ ಸುತ್ತಿಗೆ ಸೇರಿದ ಸಂಖ್ಯೆ. ಹೀಗಾಗಿ ಭಾರತದಲ್ಲಿ ಹುಟ್ಟಿ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲಿಗರೆಂಬ ಗೌರವ ಅವರದಾದರೂ, ಅವರು ಆಡಿದ್ದು ಎನ್‌ಬಿಎಯ ಕೆಳಗಿನ ಲೀಗಿನ ಟೆಕ್ಸಸ್ ಲೆಜೆಂಡ್ಸ್ ತಂಡದಲ್ಲಿ. ಮುಂದೆ ಕೆನಡಾದ ಲೀಗೊಂದರಲ್ಲಿ ಆಡಿದರು. ಉದ್ದೀಪನ ಮದ್ದು ಪರೀಕ್ಷೆಯಲ್ಲಿ ವಿಫಲರಾದ ಕಾರಣ 2020ರಲ್ಲಿ ಎರಡು ವರ್ಷಗಳ ನಿಷೇಧಕ್ಕೆ ಒಳಗಾಗಿ, ಬಳಿಕ ಅಮೆರಿಕದ ವೃತ್ತಿಪರ ಕುಸ್ತಿಯತ್ತ ಹೊರಳಿದರು.

ಅದೇ 2015ರ ಏಪ್ರಿಲ್‌ನಲ್ಲಿ ಎನ್‌ಬಿಎ ಪಂದ್ಯವೊಂದರಲ್ಲಿ ಆಡಿದ ಮೊದಲ ಭಾರತೀಯ ಮೂಲದ ಆಟಗಾರರಾದವರು, ಪಂಜಾಬಿ ದಂಪತಿಗೆ ಕೆನಡಾದಲ್ಲಿ ಹುಟ್ಟಿದ ಸಿಮ್ ಭುಲ್ಲರ್. ಸಾಕ್ರಮೆಂಟೊ ಕಿಂಗ್ಸ್ ತಂಡ ಅವರೊಡನೆ ಮಾಡಿಕೊಂಡದ್ದು ಹತ್ತು ದಿನಗಳ ಕರಾರು. ಋತುವಿನ ಕೊನೆಯ ಭಾಗದಲ್ಲಿ ಖಾಲಿ ಬಿದ್ದ ಜಾಗ ತುಂಬಲು ಅಥವಾ ಹೊಸಬರನ್ನು ಪರೀಕ್ಷಿಸಲು ತಂಡಗಳು ಇಂಥ ಕರಾರನ್ನು ಬಳಸುತ್ತವೆ. ಮೂರು ಪಂದ್ಯಗಳಲ್ಲಿ ಕೆಲವೇ ನಿಮಿಷ ಆಡಿದ ಅವರು ಅನಂತರ ತೈವಾನಿನ ಲೀಗಿನಲ್ಲಿ ನೆಲೆ ಕಂಡುಕೊಂಡರು. ಏಳು ಅಡಿ ಐದು ಅಂಗುಲದ ದೇಹಕ್ಕೂ ಎನ್‌ಬಿಎಯಲ್ಲಿ ಕಾಯಂ ಜಾಗ ಸಿಗಲಿಲ್ಲ. ಅಂಕಣದ ತುಂಬ ಓಡುತ್ತಾ ದೂರದಿಂದ ಮೂರು ಅಂಕದ ಎಸೆತಗಳನ್ನು ಎಸೆಯುವ ಇಂದಿನ ಶೈಲಿಯಲ್ಲಿ, ಬುಟ್ಟಿಯ ಬುಡದಲ್ಲಿ ನಿಲ್ಲುವ 'ಸೆಂಟರ್' ಆಟಗಾರನಿಗೂ ವೇಗ ಮತ್ತು ಎಸೆತದ ಕೌಶಲ ಇರಲೇಬೇಕಾಗಿದೆ.

ಗ್ರಾಮೀಣ ಓದುಗರಿಗೆ ಹೆಚ್ಚು ಹತ್ತಿರವಾಗುವುದು ಅಮೃತಸರ ಜಿಲ್ಲೆಯ ರೈತ ಕುಟುಂಬದ ಅಮೃತ್‌ಪಾಲ್ ಸಿಂಗ್ ಅವರ ದಾರಿ. ಕಬಡ್ಡಿ ಆಡಿಕೊಂಡಿದ್ದ ಅವರು ಬ್ಯಾಸ್ಕೆಟ್‌ಬಾಲಿಗೆ ಬಂದದ್ದು ಹದಿಹರೆಯದ ಕೊನೆಗೆ, ಅಂದರೆ ಬೇರೆ ದೇಶಗಳ ಹುಡುಗರು ಹತ್ತು ವರ್ಷದ ಅಭ್ಯಾಸ ಮುಗಿಸಿರುವ ವಯಸ್ಸಿನಲ್ಲಿ. 2014ರಲ್ಲಿ ವುಹಾನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಭಾರತ ಆತಿಥೇಯ ಚೀನಾವನ್ನು 65–58ರಿಂದ ಸೋಲಿಸಿದ ಮೇಲೆ ಭಾರತದ ಆಟಗಾರರತ್ತ ಹೊರಗಿನ ಕ್ಲಬ್ಬುಗಳ ಗಮನ ಹರಿಯಿತು. ಅಮೃತ್‌ಪಾಲ್ ಮತ್ತು ಚಂಡೀಗಢದ ಅಮ್‌ಜ್ಯೋತ್ ಸಿಂಗ್ ಜಪಾನಿನ ಟೋಕಿಯೊ ಎಕ್ಸಲೆನ್ಸ್ ತಂಡಕ್ಕೆ ಆಡಿದರು. 2017ರಲ್ಲಿ ಅಮೃತ್‌ಪಾಲ್ ಆಸ್ಟ್ರೇಲಿಯಾದ ಸಿಡ್ನಿ ಕಿಂಗ್ಸ್ ತಂಡ ಸೇರಿದರೆ, ಅಮ್‌ಜ್ಯೋತ್ ಎನ್‌ಬಿಎಯ ಕೆಳಹಂತದ ಜಿ ಲೀಗಿನ ಒಕ್ಲಹಾಮಾ ಸಿಟಿ ಬ್ಲೂ ತಂಡಕ್ಕೆ ಆಯ್ಕೆಯಾದರು. ಚೆಂಡನ್ನು ನಿಯಂತ್ರಿಸಿ ತಂಡದ ಆಟವನ್ನು ಹೆಣೆಯುವ 'ಗಾರ್ಡ್' ಸ್ಥಾನದ ವಾರಾಣಸಿಯ ವಿಶೇಷ್ ಭೃಗುವಂಶಿ ಅದೇ ವರ್ಷ ಅಡಿಲೇಡ್ ತಂಡದೊಡನೆ ಕರಾರು ಮಾಡಿಕೊಂಡರು. ಈ ಕರಾರುಗಳೆಲ್ಲ ಅಲ್ಪಾವಧಿಯವಾಗಿದ್ದುದರಿಂದ ಮೂವರೂ ಮತ್ತೆ ಭಾರತದ ಅಂಕಣಗಳಿಗೇ ಮರಳಿದರು.

ವಿಶ್ವವಿದ್ಯಾಲಯದ ಬಾಗಿಲು

ಕರ್ನಾಟಕದ ಮಟ್ಟಿಗೆ ವಿದೇಶದ ಬಾಗಿಲು ತೆರೆದದ್ದು ಕ್ಲಬ್ಬಿನ ಕಡೆಯಿಂದಲ್ಲ, ಕಾಲೇಜಿನ ಕಡೆಯಿಂದ. ಎನ್‌ಬಿಎ ಭಾರತದಲ್ಲಿ ನಡೆಸಿದ ಬಾಲಕಿಯರ ತರಬೇತಿ ಶಿಬಿರಗಳಲ್ಲಿ ಪಳಗಿದ ಬೆಂಗಳೂರಿನ ಸಂಜನಾ ರಮೇಶ್, ಅಮೆರಿಕದ ಫ್ಲ್ಯಾಗ್‌ಸ್ಟಾಫ್ ಪಟ್ಟಣದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿವೇತನ ಪಡೆದು ಅದರ ತಂಡಕ್ಕೆ ಆಡಿದರು. ಅಮೆರಿಕದ ಕಾಲೇಜು ಕ್ರೀಡೆಯನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆ ವಿಶ್ವವಿದ್ಯಾಲಯಗಳನ್ನು ಮೂರು ವಿಭಾಗಗಳಾಗಿ ವಿಂಗಡಿಸಿದೆ. ಅವುಗಳಲ್ಲಿ ಅತ್ಯುನ್ನತವಾದ ಒಂದನೆಯ ವಿಭಾಗದಲ್ಲಿ ಮುನ್ನೂರೈವತ್ತಕ್ಕೂ ಹೆಚ್ಚು ಸಂಸ್ಥೆಗಳಿದ್ದು, ನಾರ್ದರ್ನ್ ಅರಿಜೋನಾ ಅವುಗಳಲ್ಲೊಂದು. ಪೂರ್ಣ ವಿದ್ಯಾರ್ಥಿವೇತನ ದೊರೆತರೆ ಬೋಧನಾ ಶುಲ್ಕ, ವಸತಿ, ಊಟ, ಪುಸ್ತಕಗಳ ವೆಚ್ಚವನ್ನು ಸಂಸ್ಥೆಯೇ ಭರಿಸುತ್ತದೆ. ಪ್ರತಿಯಾಗಿ ವಿದ್ಯಾರ್ಥಿನಿ ಆಡುವುದರ ಜತೆಗೆ ನಿಗದಿತ ಅಂಕಗಳನ್ನೂ ಕಾಯ್ದುಕೊಳ್ಳಬೇಕು.

ಈ ದಾರಿಯ ದೊಡ್ಡ ಗುಣವೆಂದರೆ ಆಟ ಕೈಬಿಟ್ಟರೂ ಪದವಿ ಉಳಿಯುವುದು. ಕ್ರೀಡಾ ಕೋಟಾದ ನೌಕರಿ ಕೊಡುವ ಭದ್ರತೆಯನ್ನು ಇದು ಬೇರೆ ರೂಪದಲ್ಲಿ ಕೊಡುವುದರಿಂದ, ಓದಿಗೆ ಒತ್ತು ಕೊಡುವ ಕನ್ನಡ ಕುಟುಂಬಗಳು ಹೆಚ್ಚು ಸುಲಭವಾಗಿ ಒಪ್ಪಬಹುದಾದ ದಾರಿಯೂ ಇದೇ. ಆದರೆ ಮಿತಿಗಳೂ ಇವೆ. 2021ರ ಜುಲೈನಿಂದ ಅಮೆರಿಕದ ಕಾಲೇಜು ಆಟಗಾರರಿಗೆ ತಮ್ಮ ಹೆಸರು ಮತ್ತು ಚಿತ್ರದ ಬಳಕೆಯಿಂದ ಹಣ ಗಳಿಸಲು ಅವಕಾಶ ದೊರೆತಿದ್ದರೂ, ವಿದ್ಯಾರ್ಥಿ ವೀಸಾದ ಮೇಲೆ ಹೋದ ವಿದೇಶಿಯರಿಗೆ ಉದ್ಯೋಗದ ನಿರ್ಬಂಧಗಳು ಅಡ್ಡಬರುತ್ತವೆ. ಭಾರತದಲ್ಲಿ ಮೊದಲೇ ವೃತ್ತಿಪರ ಕರಾರಿಗೆ ಸಹಿ ಹಾಕಿದವರು ಅಲ್ಲಿ ಆಡುವ ಅರ್ಹತೆಯನ್ನು ಕಳೆದುಕೊಳ್ಳುವ ಅಪಾಯವೂ ಇರುವುದರಿಂದ, ಹದಿನಾರು ಹದಿನೇಳರ ವಯಸ್ಸಿನಲ್ಲಿಯೇ ಯಾವ ದಾರಿ ಎಂಬುದನ್ನು ಯೋಚಿಸಬೇಕಾಗುತ್ತದೆ.

ಕಂಠೀರವದಲ್ಲಿ ಕಂಡ ಅಂತರ

ತವರಿನ ವ್ಯವಸ್ಥೆ ಎಷ್ಟು ಮುಖ್ಯ ಎಂಬುದಕ್ಕೆ ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಡೆದ ಎರಡು ಪಂದ್ಯಾವಳಿಗಳೇ ಪುರಾವೆ. 2017ರ ಜುಲೈನಲ್ಲಿ ಅಲ್ಲಿ ನಡೆದ ಮಹಿಳೆಯರ ಏಷ್ಯಾ ಕಪ್‌ನ ಎರಡನೆಯ ವಿಭಾಗದ ಫೈನಲ್‌ನಲ್ಲಿ ಭಾರತ ಕಜಕಸ್ತಾನವನ್ನು 75–73ರಿಂದ ಸೋಲಿಸಿ ಮೇಲಿನ ವಿಭಾಗಕ್ಕೆ ಬಡ್ತಿ ಪಡೆಯಿತು, ಕರ್ನಾಟಕದ ಪಿ.ಯು. ನವನೀತಾ ಆ ತಂಡದಲ್ಲಿದ್ದರು. ಎರಡು ವರ್ಷಗಳ ಬಳಿಕ, 2019ರ ಸೆಪ್ಟೆಂಬರ್‌ನಲ್ಲಿ, ಅದೇ ನಗರದಲ್ಲಿ ಮೇಲಿನ ವಿಭಾಗದ ಏಷ್ಯಾ ಕಪ್ ನಡೆದಾಗ ಭಾರತ ಎಂಟು ತಂಡಗಳಲ್ಲಿ ಕೊನೆಯದಾಯಿತು. ಸತತ ನಾಲ್ಕನೆಯ ಬಾರಿ ಪ್ರಶಸ್ತಿ ಗೆದ್ದ ಜಪಾನ್, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿಯನ್ನೂ ಪಡೆಯಿತು.

ಜಪಾನಿನ ಆಟಗಾರ್ತಿಯರು ಭಾರತೀಯರಿಗಿಂತ ಹೇಳಿಕೊಳ್ಳುವಷ್ಟು ಎತ್ತರದವರೇನಲ್ಲ. ಅವರೂ ಬಹುಪಾಲು ಕಂಪನಿಗಳ ತಂಡಗಳಲ್ಲೇ ಇದ್ದಾರೆ. ಎನಿಯೋಸ್, ಟೊಯೊಟಾ, ಡೆನ್ಸೊ ಮೊದಲಾದ ಉದ್ದಿಮೆಗಳೇ ಅಲ್ಲಿನ ಮಹಿಳಾ ಲೀಗಿನ ತಂಡಗಳನ್ನು ನಡೆಸುತ್ತವೆ. ಆದ್ದರಿಂದ ಉದ್ಯೋಗದಾತ ಸಂಸ್ಥೆಯೇ ಆಟಗಾರರನ್ನು ಸಾಕುವ ಪದ್ಧತಿಯಲ್ಲಿ ದೋಷವಿದೆ ಎನ್ನಲಾಗದು. ವ್ಯತ್ಯಾಸ ಇರುವುದು ಪಂದ್ಯಗಳ ಸಂಖ್ಯೆಯಲ್ಲಿ. ಜಪಾನಿನ ಕಂಪನಿ ತಂಡಗಳು ಶರತ್ಕಾಲದಿಂದ ವಸಂತದವರೆಗೆ ವಾರ ವಾರವೂ ಪರಸ್ಪರ ಆಡುತ್ತವೆ. ಭಾರತದ ಬ್ಯಾಂಕು, ರೈಲ್ವೆ ತಂಡಗಳು ವಾರ ಹತ್ತು ದಿನಗಳಲ್ಲಿ ಮುಗಿಯುವ ಬಿಡಿ ಬಿಡಿ ಪಂದ್ಯಾವಳಿಗಳಲ್ಲಿ ಆಡುತ್ತವೆ. ಈ ಕೊರತೆ ತುಂಬಲು 2015ರಲ್ಲಿ ಆರಂಭವಾದ ಯುಬಿಎ ಎಂಬ ಲೀಗ್ 2017ರ ನಂತರ ಮುಂದುವರಿಯಲಿಲ್ಲ. ಬಳಿಕ ಬಂದ ಐಎನ್‌ಬಿಎಲ್ ಲೀಗ್ ಬೆಂಗಳೂರು ಕಿಂಗ್ಸ್ ಸೇರಿದಂತೆ ಆರು ನಗರಗಳ ತಂಡಗಳನ್ನು ಕಣಕ್ಕಿಳಿಸಿತು. ವಿದೇಶಿ ಕ್ಲಬ್ಬು ಆಟಗಾರನನ್ನು ಆರಿಸುವುದು ಆತ ಆಡಿದ ಪಂದ್ಯಗಳ ದೃಶ್ಯ ಮತ್ತು ಅಂಕಿ ಅಂಶಗಳನ್ನು ನೋಡಿಯೇ ಆದ್ದರಿಂದ, ವರ್ಷಕ್ಕೆ ಬೆರಳೆಣಿಕೆಯ ಪಂದ್ಯ ಆಡುವವರ ಬಳಿ ತೋರಿಸಲು ಹೆಚ್ಚೇನೂ ಇರುವುದಿಲ್ಲ.

ಹುಲಿಕುಂಟೆಯಿಂದ ಎಷ್ಟು ಮೆಟ್ಟಿಲು

ಶಿರಾ ತಾಲ್ಲೂಕಿನ ಹುಲಿಕುಂಟೆ ಹೋಬಳಿಯ ಶಾಲಾ ಬಾಲಕಿಗೆ ಈ ಜಗತ್ತು ಎಷ್ಟು ದೂರ ಎಂದು ಅಳೆಯಲು ಶಾಲಾ ಕ್ರೀಡಾಕೂಟಗಳ ಏಣಿಯನ್ನು ನೋಡಬೇಕು. ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿರುವುದರಿಂದ, ಈ ಭಾಗದ ಮಕ್ಕಳು ತಾಲ್ಲೂಕು ಮಟ್ಟದಲ್ಲಿ ಗೆದ್ದು, ಮಧುಗಿರಿ ಶೈಕ್ಷಣಿಕ ಜಿಲ್ಲೆಯನ್ನು ಪ್ರತಿನಿಧಿಸಿ, ವಿಭಾಗ ಮಟ್ಟ ಮತ್ತು ರಾಜ್ಯ ಮಟ್ಟಗಳನ್ನು ದಾಟಿ ರಾಷ್ಟ್ರೀಯ ಶಾಲಾ ಕೂಟಕ್ಕೆ ತಲುಪಬೇಕು. ಕಬಡ್ಡಿ, ಖೊಖೊ, ವಾಲಿಬಾಲ್‌ಗಳಿಗೆ ಮಣ್ಣಿನ ಮೈದಾನ ಸಾಕು. ಬ್ಯಾಸ್ಕೆಟ್‌ಬಾಲಿಗೆ ಚೆಂಡು ಸಮನಾಗಿ ಪುಟಿಯುವ ಗಟ್ಟಿ ನೆಲ ಮತ್ತು ಕಂಬ, ಹಲಗೆ, ಬುಟ್ಟಿ ಬೇಕಾಗುವುದರಿಂದ ಹಳ್ಳಿಯ ಶಾಲೆಗಳಲ್ಲಿ ಅದು ಹಿಂದುಳಿದಿದೆ. ಪ್ರತಿಭೆ ಗುರುತಿಸಲ್ಪಟ್ಟ ಮಕ್ಕಳಿಗೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯಗಳಲ್ಲಿ ಊಟ, ವಸತಿ, ಶಾಲೆ ಮತ್ತು ತರಬೇತಿ ದೊರೆಯುತ್ತದೆ. ಬೆಂಗಳೂರು ಸಮೀಪದ ವಿದ್ಯಾನಗರ ಮತ್ತು ಮೈಸೂರಿನ ನಿಲಯಗಳು ಬ್ಯಾಸ್ಕೆಟ್‌ಬಾಲಿನಲ್ಲಿ ಹೆಸರಾದವು.

ಈ ಏಣಿಯನ್ನು ಗಿಡ್ಡವಾಗಿಸುವ ಒಂದು ಸಾಧ್ಯತೆ ಮೂವರ ಆಟದಲ್ಲಿದೆ. ಟೋಕಿಯೊ ಒಲಿಂಪಿಕ್ಸ್‌ನಿಂದ ಪದಕದ ಸ್ಪರ್ಧೆಯಾಗಿರುವ 3x3 ಬ್ಯಾಸ್ಕೆಟ್‌ಬಾಲಿನಲ್ಲಿ ಅರ್ಧ ಅಂಕಣ ಮತ್ತು ಒಂದೇ ಬುಟ್ಟಿ ಸಾಕು. ಹತ್ತು ನಿಮಿಷ ಮುಗಿದಾಗ ಮುಂದಿರುವ ಅಥವಾ ಅದಕ್ಕೂ ಮೊದಲೇ 21 ಅಂಕ ಮುಟ್ಟುವ ತಂಡ ಗೆಲ್ಲುತ್ತದೆ. ತಂಡಕ್ಕೆ ಮೂವರು ಆಟಗಾರರು ಮತ್ತು ಒಬ್ಬ ಬದಲಿ ಆಟಗಾರ ಇದ್ದರಾಯಿತು. ನೋಂದಾಯಿತ ಪಂದ್ಯಾವಳಿಗಳಲ್ಲಿ ಪಡೆದ ಅಂಕಗಳಿಂದ ಪ್ರತಿ ಆಟಗಾರನಿಗೂ ಫಿಬಾ ಪ್ರತ್ಯೇಕ ರ್‍ಯಾಂಕಿಂಗ್ ನೀಡುವುದರಿಂದ, ಸಣ್ಣ ಊರಿನ ಆಟಗಾರನ ಸಾಧನೆಯೂ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ದಾಖಲಾಗುತ್ತದೆ.

ಅಮೃತ್‌ಪಾಲ್ ಅವರು ಕಬಡ್ಡಿ ಅಂಕಣದಿಂದ ಸಿಡ್ನಿಯವರೆಗೆ ಹೋದದ್ದು ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ದೈಹಿಕ ಶಿಕ್ಷಣ ಶಿಕ್ಷಕರು ಗಮನಿಸಬೇಕಾದ ಸಂಗತಿ. ಅದಕ್ಕಿಂತ ಹೆಚ್ಚಾಗಿ ಗಮನಿಸಬೇಕಾದದ್ದು ಅವರು ಆ ಆಟಕ್ಕೆ ತಡವಾಗಿ ಬಂದರೆಂಬುದು. ಎತ್ತರದ ಮಕ್ಕಳನ್ನು ಹದಿನೆಂಟಕ್ಕೆ ಹುಡುಕುವ ಬದಲು ಹತ್ತಕ್ಕೆ ಚೆಂಡು ಕೊಟ್ಟು, ವರ್ಷವಿಡೀ ತಾಲ್ಲೂಕಿನೊಳಗೆ ಪಂದ್ಯಗಳನ್ನು ಆಡಿಸಿದರೆ, ಅವರಲ್ಲಿ ಹೆಚ್ಚಿನವರು ವಿದೇಶಕ್ಕೆ ಹೋಗಲಾರರು. ಆದರೆ ಕ್ರೀಡಾ ಕೋಟಾದ ನೌಕರಿ, ಕಾಲೇಜಿನ ವಿದ್ಯಾರ್ಥಿವೇತನ, ಹೊರದೇಶದ ಕರಾರು ಎಂಬ ಮೂರು ದಾರಿಗಳಲ್ಲಿ ತಮಗೆ ಹೊಂದುವುದನ್ನು ಆರಿಸಿಕೊಳ್ಳುವ ಶಕ್ತಿ ಅವರಿಗಿರುತ್ತದೆ. ಇದುವರೆಗೆ ಹೊರಗೆ ಹೋದ ಭಾರತೀಯ ಆಟಗಾರರು ಬಹುಮಟ್ಟಿಗೆ ತವರಿನ ವ್ಯವಸ್ಥೆಯ ಕೊರತೆಯನ್ನು ತಮ್ಮ ವೈಯಕ್ತಿಕ ಶ್ರಮದಿಂದ ತುಂಬಿಕೊಂಡು ಹೋದವರು. ಆ ಕೊರತೆಯನ್ನು ಶಾಲೆ, ಇಲಾಖೆ ಮತ್ತು ಲೀಗ್‌ಗಳು ತುಂಬುವ ದಿನ ವಿದೇಶದ ಒಂದು ಋತುವಿನ ಕರಾರು ಪತ್ರಿಕೆಯ ವಿಶೇಷ ಸುದ್ದಿಯಾಗಿ ಉಳಿಯದೆ, ಬೇರೆ ಉದ್ಯೋಗಗಳಂತೆಯೇ ಸಂಬಳ ಮತ್ತು ಷರತ್ತುಗಳನ್ನು ತೂಗಿ ಒಪ್ಪುವ ಅಥವಾ ನಿರಾಕರಿಸುವ ಒಂದು ಉದ್ಯೋಗವಾಗಲಿದೆ.